ಚಿಪ್ಪು ಹತ್ತದಂತೆ

ಹನ್ನೊಂದಕ್ಕೆ ಹಲ್ಲು ಕೀಳುವುದು.
ಹತ್ತಕ್ಕೇ ನಾಲ್ಕು ಕ್ಯಾಪ್ಸೂಲು ಒಟ್ಟಿಗೆ ನುಂಗಿ
ಮಲ್ಪೆಯ ಮಹಡಿ ಕ್ಲಿನಿಕ್ಕಿನ ನೀಲಿ ಕುರ್ಚಿಯಲ್ಲಿ ಕೂತಿದ್ದೇನೆ,
ಒಂದು ದವಡೆ ಊದಿಸಿಕೊಂಡು.
ಎದೆಯೊಳಗೆ ಟಿಕ್, ಟಿಕ್.
ಪಕ್ಕದ ಹುಡುಗ ಗೋಡೆಯ ಗಡಿಯಾರ ನೋಡುತ್ತಾನೆ,
ಅದು ನಿಂತು ಎಷ್ಟು ಕಾಲವಾಯಿತೋ.
ಮತ್ತೆ ನನ್ನ ಅಂಗಿ ನೋಡುತ್ತಾನೆ.

ನಾನು ತಳ ಕೆರೆಯುವವನು.
ಮಳೆಗಾಲದ ರಜೆಗೆ ಬೋಟುಗಳು ದಡ ಹತ್ತಿದ ಮೇಲೆ
ಅವುಗಳ ಹೊಟ್ಟೆಯಡಿ ಮಲಗಿ, ಉಳಿ, ಸುತ್ತಿಗೆ, ತಂತಿಬ್ರಶ್ಶು,
ಇಪ್ಪತ್ತಾರು ವರ್ಷ.
ನೀರಿಗಿಳಿದ ಯಾವುದನ್ನೂ ಕಡಲು ಬರಿದೆ ಬಿಡುವುದಿಲ್ಲ.
ಮೊದಲ ವಾರ ಒಂದು ಜಾರಿಕೆ ಅಷ್ಟೆ,
ಬೆರಳಿಗೆ ಗೊತ್ತಾಗುವುದು, ಕಣ್ಣಿಗಲ್ಲ.
ಆಮೇಲೆ ಪಾಚಿ.
ಪಾಚಿಯ ಮರೆಯಲ್ಲಿ ಅಕ್ಕಿಕಾಳಿನಷ್ಟು ಚಿಪ್ಪು.
ಚಿಪ್ಪು ಕೂತ ಮೇಲೆ ಬಣ್ಣಗಿಣ್ಣ ಕೇಳುವುದಿಲ್ಲ.
ಹಲಗೆಯ ಜತೆಗೇ ಎದ್ದು ಬರುತ್ತದೆ.

ಮಣಿಪಾಲದಲ್ಲಿ ಸಿಸ್ಟರ್ ಪ್ರೆಸಿಲ್ಲಾ
ಹಾಸಿಗೆಯ ಬದಿ ಸ್ಟೂಲು ಎಳೆದು ಹೇಳತೊಡಗಿದರು:
ಒಳಗಿರುವ ಕವಾಟ ಹುಟ್ಟಿದ್ದಲ್ಲ, ಇಟ್ಟದ್ದು,
ಇದ್ದಿಲ ಜಾತಿಯದು, ಕಪ್ಪು, ನುಣುಪು.
ವಸಡಿನ ಗಾಯದಿಂದ ಬಾಯಿಯ ಕೀಟಾಣು ರಕ್ತಕ್ಕೆ ಬಿದ್ದರೆ
ಅಲ್ಲಿ ಹೋಗಿ ಕಚ್ಚಿ ಕೂರುತ್ತದೆ.
ಮೊದಲು ತೆಳ್ಳಗೆ ಒಂದು ಪೊರೆ…
ಉಳಿದದ್ದನ್ನು ನಾನೇ ಹೇಳಿದೆ.
ಅವರು ಪೆನ್ನು ನಿಲ್ಲಿಸಿ,
'ನಿಮಗೆ ಯಾರು ಹೇಳಿದ್ದು?' ಎಂದರು.

ಬೋಟನ್ನು ದಡಕ್ಕೆ ಎಳೆಯಬಹುದು.
ಇದಕ್ಕೆ ಅರವತ್ತೊಂದು ದಿನದ ರಜೆ ಇಲ್ಲ.

ಹಾಗಾಗಿ ಎಲೆಯಡಿಕೆ ಬಿಟ್ಟೆ.
ಎರಡು ಹೊತ್ತು ಮೆತ್ತನೆ ಬ್ರಶ್ಶು.
'ಮದುಮಗನ ಹಾಗೆ ಹಲ್ಲುಜ್ಜುತ್ತಾರೆ' ಎಂದು ಜಲಜ
ಓಣಿಯಲ್ಲೆಲ್ಲ ಹೇಳಿ ಬಂದಳು.
ಚಿಪ್ಪು ತಾಗಿ ಕೈ ಸೀಳಿದರೆ
ಮೊದಲೆಲ್ಲ ಕಡಲ ನೀರೇ ಮದ್ದು. ಈಗ ಸೋಪು, ಬಟ್ಟೆ,
ಮತ್ತೆ ಅರ್ಧ ಗಂಟೆ ಒತ್ತಿ ಹಿಡಿದು ಕೂರುವುದು.
ರಕ್ತ ತೆಳುಮಾಡುವ ಮಾತ್ರೆ, ಬೇಗ ನಿಲ್ಲುವುದಿಲ್ಲ.

ಹೋದ ಆಟಿಯಲ್ಲಿ ಜ್ವರ ಬಂತು.
ಭುಜಂಗ ತನ್ನ ಡಬ್ಬಿಯಲ್ಲಿ ಉಳಿದಿದ್ದ ಎರಡು ಮಾತ್ರೆ ಕೊಟ್ಟ,
'ನುಂಗು, ನಾಳೆ ದೋಣಿ ಎಳೆಯುತ್ತಿ.'
ನುಂಗಲಿಲ್ಲ. ಕೈ ಮಾತ್ರ ಅದರತ್ತ ಎರಡು ಸಲ ಹೋಯಿತು.
ಮಳೆಯಲ್ಲಿ ನಡುಗುತ್ತ ಬಸ್ಸು ಹತ್ತಿದೆ.
ಮದ್ದಿಗೂ ಮುಂಚೆ ಮೂರು ಕಡೆ ಚುಚ್ಚಿ
ಬಾಟಲಿಗಳಿಗೆ ರಕ್ತ ತೆಗೆದರು.
ಐದು ದಿನ ಕಾದರು. ಏನೂ ಬೆಳೆಯಲಿಲ್ಲ.
ಬರೀ ಮಳೆಯ ಜ್ವರ.
ಭುಜಂಗ ಇವತ್ತಿಗೂ ನಗುತ್ತಾನೆ.

ನಗಲಿ.
ನನ್ನ ಪಕ್ಕದ ಹಾಸಿಗೆಯಲ್ಲಿ ಹೆಜಮಾಡಿಯ ರುಕ್ಕಕ್ಕ ಇದ್ದರು.
ರಾತ್ರಿ ವಾರ್ಡು ಮಲಗಿದ ಮೇಲೆ
ಅವರ ಟಿಕ್ ಟಿಕ್ ನನ್ನದಕ್ಕಿಂತ ಒಂದು ಸ್ವರ ಮೇಲೆ ಕೇಳುತ್ತಿತ್ತು.
ಮನೆಗೆ ಹೋದ ಮೇಲೆ, ಮಗಳ ಮದುವೆಯ ಗಡಿಬಿಡಿಯಲ್ಲಿ
ಯಾರಲ್ಲೋ ಹಲ್ಲು ಕೀಳಿಸಿದರಂತೆ.
ಕಾರ್ಡು ಪರ್ಸಿನಲ್ಲೇ ಇತ್ತಂತೆ.
ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.
ತಿಂಗಳೊಪ್ಪತ್ತು ಸಣ್ಣ ಜ್ವರ, ಸಂಜೆ ಸಂಜೆ,
ಮದುವೆಯ ದಣಿವೆಂದೇ ಅಂದುಕೊಂಡರಂತೆ.

ನನ್ನ ಹೆಸರು ಕರೆದರು.
ಡಾಕ್ಟ್ರು ಹೊಸಬರು, ನನ್ನ ಮಗಳ ಪ್ರಾಯ. ನಫೀಸಾ.
ಅವರು ಕೇಳುವ ಮುಂಚೆಯೇ
ಡೀಸಲ್ ಹೆಬ್ಬೆಟ್ಟಿನ ಗುರುತಿರುವ ಕಾರ್ಡು ಮುಂದಿಟ್ಟೆ.
ನಿನ್ನೆ ಅಳೆಸಿದ ರಕ್ತದ ಚೀಟಿ,
ಕ್ಯಾಪ್ಸೂಲು ಎಷ್ಟು ಗಂಟೆಗೆ, ಎಲ್ಲ ಒಪ್ಪಿಸಿದೆ.
ಶಾಲೆಯ ಹುಡುಗನ ಹಾಗೆ ಸ್ವಲ್ಪ ಬೀಗಿದೆನೋ ಏನೋ.

ಬಾಯಿ ತೆರೆಸಿ, ಕನ್ನಡಿ ಹಿಡಿದು,
ಕೊಕ್ಕೆಯಲ್ಲಿ ಹಿಂದಿನ ದವಡೆ ಮುಟ್ಟಿದರು.
'ಮುಂದೆ ಮಾತ್ರ ಉಜ್ಜುತ್ತೀರಿ.
ಇಲ್ಲೆಲ್ಲ ಕಲ್ಲು ಕಟ್ಟಿದೆಯಲ್ಲ ಅಣ್ಣಾ,
ಇದನ್ನು ಆಗಲೇ ಕೆರೆಸಬೇಕಿತ್ತು.'

ಬಾಯಿ ತೆರೆದಿತ್ತು. ಉತ್ತರ ಕೊಡುವ ಹಾಗಿರಲಿಲ್ಲ.
ಕೊಕ್ಕೆ ಇನ್ನೊಮ್ಮೆ ತಾಗಿತು.
ಗರಕ್ ಅಂತ ಆ ಸದ್ದು,
ಇಪ್ಪತ್ತಾರು ವರ್ಷದಿಂದ ಗೊತ್ತಿರುವ ಸದ್ದು.